ಜೆಡ್ಡಾ ದಾರಿಯಲ್ಲಿ ಮುಳುಗಲೊಲ್ಲದ ಸೂರ್ಯ

ದೂರವನ್ನು ನಾನು ಅಳೆಯುವುದು ಹೊಟ್ಟೆಯಿಂದ. ನಮ್ಮ ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಒಂದು ಚಹಾ ಕುಡಿದು ಹೊರಟರೆ ಸಾಕು. ಹಾವೇರಿಗೆ ಚಹಾದ ಜೊತೆ ಒಂದು ಹಿಡಿ ಚುರುಮುರಿ ಬೇಕು. ಬೆಂಗಳೂರಿಗೆ ರೊಟ್ಟಿ ಗಂಟನ್ನೇ ಕಟ್ಟಬೇಕು. ಈ ಲೆಕ್ಕ ಎಂದೂ ಕೈಕೊಟ್ಟಿಲ್ಲ. ದೇವರ ದಯೆಯಿಂದ ರಂಜಾನಿನಲ್ಲೇ ಮೆಕ್ಕಾದ ಉಮ್ರಾ ಯಾತ್ರೆಯ ಯೋಗ ಕೂಡಿಬಂದಾಗ ಮಾತ್ರ ಹೊಟ್ಟೆಯನ್ನು ಬಿಟ್ಟು ಟಿಕೆಟ್ಟನ್ನು ನಂಬಿದೆ. ಅಲ್ಲಿಯೇ ಕೆಟ್ಟೆ.

ಬೆಂಗಳೂರು ಬಿಡುವುದು ಮಧ್ಯಾಹ್ನ ಮೂರಕ್ಕೆ, ಜೆಡ್ಡಾ ಮುಟ್ಟುವುದು ಸಂಜೆ ಆರಕ್ಕೆ ಎಂದಿತ್ತು ಅದರಲ್ಲಿ. ಆರರಲ್ಲಿ ಮೂರು ಕಳೆದರೆ ಮೂರು. ಸಮುದ್ರದಾಚೆಯ ಆ ಊರು ಬರೀ ಮೂರು ತಾಸು! ವಿಮಾನ ಮಾಡಿದವರ ಕೈಗೆ ಮನಸ್ಸಿನಲ್ಲೇ ಮುತ್ತಿಟ್ಟೆ. ಪ್ರಯಾಣದಲ್ಲಿ ರೋಜಾ ಹಿಡಿಯದಿರಲು ಧರ್ಮದಲ್ಲೇ ರಿಯಾಯಿತಿ ಇದೆ, ಜೊತೆಗೆ ಹೊರಟಿದ್ದ ವಯಸ್ಸಾದ ನಮ್ಮ ಅತ್ತೆಗಂತೂ ಇದ್ದೇ ಇದೆ. ಅತ್ತೆಯ ಮಗ, ನಮ್ಮ ಮನೆಯವರು, ಅದನ್ನೇ ಹೇಳಿದರು. ಅತ್ತೆ ಅವರನ್ನು ಬಿಟ್ಟು ನನ್ನ ಮುಖ ನೋಡಿದರು.

"ಎಷ್ಟ ಹೊತ್ತಿನ ದಾರಿ ಐತಿ ಬೇಟಿ?"

"ಮೂರ ತಾಸ್ರಿ ಅಮ್ಮಾ. ಇಳದು ನಮ್ಮೂರ ಟೈಮಿಗೇ ಖರ್ಜೂರ ತಿನ್ನೂಣ್ರಿ."

"ಹಂಗಾರ ರೋಜಾ ಯಾಕ ಬಿಡ್ಲಿ?" ಎಂದು ಉಪವಾಸ ಹಿಡಿದೇಬಿಟ್ಟರು.

ನನ್ನ ಗಡಿಯಾರದಲ್ಲಿ ಆರು ದಾಟಿತು, ಕೆಳಗೆ ಇನ್ನೂ ಸಮುದ್ರವೇ. ಆರೂವರೆಯಾಯಿತು. ರಾಣೆಬೆನ್ನೂರಿನಲ್ಲಿ ಇಷ್ಟು ಹೊತ್ತಿಗೆ ಮಸೀದಿಯಲ್ಲಿ ಬಾಂಗ್ ಆಗಿ ಜನ ಎರಡನೆಯ ಬಜ್ಜಿಗೆ ಕೈಹಾಕಿರುತ್ತಾರೆ. ಖರ್ಜೂರದ ಡಬ್ಬಿ ತೆರೆದೆ. ಅತ್ತೆ ಕಿಟಕಿಯತ್ತ ಬೆರಳು ಮಾಡಿದರು. ಸೂರ್ಯ ನಮ್ಮ ಸಂಗಡವೇ ಟಿಕೆಟ್ ತೆಗೆಸಿದವನಂತೆ ಹೊಳೆಯುತ್ತಿದ್ದ!

ಹಿಂದಿನ ಸೀಟಿನಿಂದ ಮನೆಯವರು ಬಗ್ಗಿದರು. "ಆರು ಅಂದ್ರ ಅಲ್ಲೀ ಗಡಿಯಾರದಾಗ ಆರು, ಶ್ಯಾಣ್ಯಾಕಿ! ಸೂರ್ಯ ಹೋಗೂ ಕಡೆನ ನಾವೂ ಹೊಂಟೇವಿ, ಅಂವ ಹ್ಯಾಂಗ ಲಗೂ ಮುಳುಗ್ತಾನ? ಅಂವ ಮುಳುಗಾಕ ಇನ್ನ ಎರಡೂವರಿ ತಾಸು ಐತಿ."

ಅತ್ತೆಯ ತುಟಿಗಳು ಆಗಲೇ ಒಣಗಿದ್ದವು. "ಅಮ್ಮಾ, ನೀರರ ಕುಡೀರಿ. ನಿಮಗ ಮಾಫ್ ಐತ್ರಿ" ಎಂದು ಗೋಗರೆದೆ.

"ಹುಚ್ಚಿ, ಸಂಜೀಕ ರೋಜಾ ಬಿಡೂ ಮುಂಚಿನ ಹೊತ್ತಿನ ದುವಾ ಖಾಲಿ ಹೋಗಂಗಿಲ್ಲ. ಊರಾಗ ಆ ಹೊತ್ತು ಬಜ್ಜಿ ಕರಿಯೂದ್ರಾಗ ಹೋಗ್ತದ. ಇಲ್ಲಿ ದೇವರು ಎಷ್ಟ ಉದ್ದ ಎಳದು ಕೊಟ್ಟಾನ ನೋಡು!"

ಕೈಯೆತ್ತಿ ಕುಳಿತರು. ನಮ್ಮ ಓಣಿಯ ಒಂದೊಂದು ಮನೆಯ ಹೆಸರು ಹಿಡಿದು ಬೇಡಿದರು. ನಳದ ನೀರಿಗಾಗಿ ನಮ್ಮೊಡನೆ ಮಾತು ಬಿಟ್ಟವಳಿಗೂ ಬೇಡಿದರು, ಅವಳ ಎಮ್ಮೆಗೂ ಬೇಡಿದರು. ಹೊಟ್ಟೆ ಖಾಲಿ, ಮುಖದಲ್ಲಿ ಮಾತ್ರ ಹಬ್ಬ. ಅಷ್ಟು ದೂರ ಹಾರುವ ವಿಮಾನ ದೊಡ್ಡದೋ, ಅದರೊಳಗೆ ಹೀಗೆ ಕುಳಿತ ಈ ಮುದುಕಿ ದೊಡ್ಡವಳೋ ಎಂದು ನನಗೆ ತಿಳಿಯದಾಯಿತು.

ಇಳಿದು ಹೊರಬರುವಾಗ ಬಾಂಗ್ ಕೇಳಿಸಿತು. ಅತ್ತೆಗೆ ಖರ್ಜೂರ ಕೊಟ್ಟೆ. ಅವರು ಅದನ್ನು ನನ್ನ ಬಾಯಿಗೇ ಇಟ್ಟರು.

"ನೀ ತಿನ್ನು ಮೊದಲ, ಅಂಜಿ ಸೊರಗೀದಿ. ನಿನ್ನ ಸಲುವಾಗೂ ದುವಾ ಕೇಳೇನಿ, ಈಕಿಗೆ ಕಳಿಯೂ ಲೆಕ್ಕ ಬರಲಿ ಅಂತ."

ಆರರಲ್ಲಿ ಮೂರು ಕಳೆದರೆ ಇಂದಿಗೂ ಮೂರೇ. ಆದರೆ ಬಾಯಲ್ಲಿ ಖರ್ಜೂರವಿತ್ತು, ವಾದಿಸಲಾಗಲಿಲ್ಲ.