ಅಕ್ಕನ ಗುಡ್ಡೆಯ ಮೇಲಿನ ಬಿಳಿ ಹೂವು

ಮೇಷ್ಟ್ರಾದವನಿಗೆ ‘ಗೊತ್ತಿಲ್ಲ’ ಎನ್ನುವುದು ಬಲು ಕಷ್ಟದ ಮಾತು. ಚಳ್ಳಕೆರೆಯ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಹೇಳಿಕೊಟ್ಟ ನಾನು, ಮಕ್ಕಳು ಕಿತ್ತು ತಂದ ಗಿಡಕ್ಕೆಲ್ಲ ಒಂದೊಂದು ಹೆಸರು ಹೇಳಿ ಕಳಿಸಿದವನು. ಹೆಸರು ಹೊಳೆಯದಿದ್ದಾಗ ‘ಇದು ತುಂಬೆಯ ಜಾತಿ’ ಎಂದುಬಿಡುತ್ತಿದ್ದೆ. ಹೀಗಾಗಿ ನನ್ನ ಶಿಷ್ಯರ ತಿಳಿವಳಿಕೆಯಲ್ಲಿ ಈ ತಾಲ್ಲೂಕಿನ ಅರ್ಧ ಗಿಡಗಳು ತುಂಬೆಯ ನೆಂಟರು. ಇಂಥ ನನ್ನನ್ನು ಗೇಣುದ್ದದ ಒಂದು ಗಿಡ ಎರಡು ಮಳೆಗಾಲ ಕಾಡಿತು.

ಅದರ ಕಥೆ ಹೇಳಬೇಕಾದರೆ ಅಕ್ಕನಿಂದ ಶುರು ಮಾಡಬೇಕು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ನನ್ನನ್ನು ಓದಿಸಿದಳು. ನನಗೆ ಕೆಲಸ ಸಿಕ್ಕ ಮೇಲೆ ನನ್ನ ಜೊತೆಗೇ ಬಂದು ಒಲೆಯ ಮುಂದೆ ನಿಂತಳು. ನಾನು ಮದುವೆಯಾಗಲಿಲ್ಲ, ಅದರ ಅಗತ್ಯವೇ ಕಾಣಲಿಲ್ಲ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಬಿಸಿನೀರು, ಒಗೆದ ಅಂಗಿ, ಊಟ ಎಲ್ಲ ತಾವಾಗಿಯೇ ನನ್ನೆದುರಿಗೆ ಬರುತ್ತಿದ್ದವು. ಅವಳು ಸೊರಗುತ್ತಾ ಬಂದದ್ದು ಮಾತ್ರ ಕಣ್ಣಿಗೆ ಬೀಳಲಿಲ್ಲ. ದಾವಣಗೆರೆಯ ಡಾಕ್ಟರಿಗೆ ತೋರಿಸಲು ಹೊರಟ ದಿನವೂ ನನಗೆ ಸಾರು ಮಾಡಿಟ್ಟೇ ಹೋಗಿದ್ದಳು. ಸಂಜೆ ಅವಳು ಬಸ್ಸಿಳಿದು ಬಂದಾಗ ಸಾರಿಗೆ ಉಪ್ಪು ಕಡಿಮೆಯಾಗಿತ್ತು ಎಂದೆ. ಡಾಕ್ಟರು ಏನೆಂದರು ಎಂದು ಕೇಳಿದ್ದು ಮರುದಿನ.

ಆರು ತಿಂಗಳಿಗೆ ಹೋಗಿಬಿಟ್ಟಳು. ನಮ್ಮಲ್ಲಿ ಕೂರಿಸಿ ಹೂಳುವುದು ಪದ್ಧತಿ. ನಮ್ಮೂರು ನನ್ನಿವಾಳದಲ್ಲಿರುವ ಹೊಲದ ಬದುವಿನ ಪಕ್ಕ ಅವಳನ್ನು ಕೂರಿಸಿ ಮಣ್ಣು ಮಾಡಿದೆವು. ಅವಳು ನೆಮ್ಮದಿಯಾಗಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಳೆ ಬಿದ್ದ ಮೇಲೆ ಅವಳ ಮಣ್ಣಿನ ಗುಡ್ಡೆಯ ತುಂಬ ಹುಲ್ಲು ಬಂತು. ಹುಲ್ಲಿನ ನಡುವೆ ಒರಟು ಎಲೆಯ, ಎಳ್ಳಿನ ಹೂವಿಗಿಂತ ಸಣ್ಣ ಬಿಳಿ ಹೂವಿನ ಒಂದು ಗಿಡ. ಅಕ್ಕನೇ ಕಳಿಸಿದ್ದಾಳೆ ಎನಿಸಿತು. ವಿಜ್ಞಾನದ ಮೇಷ್ಟ್ರಿಗೂ ಒಮ್ಮೊಮ್ಮೆ ಹೀಗಾಗುತ್ತದೆ. ಅವಳು ಪಾತ್ರೆ ತೊಳೆಯುತ್ತಿದ್ದ ಹಿತ್ತಲಲ್ಲಿ ಅದನ್ನು ಬೆಳೆಸಬೇಕು, ಅದರ ಹೆಸರು ತಿಳಿಯಬೇಕು ಎಂದು ಹಟ ಹಿಡಿದೆ. ಅಕ್ಕನಿಗಾಗಿ ನಾನು ಕೈಹಾಕಿದ ಮೊದಲ ಕೆಲಸ ಅದು. ಇದನ್ನಾದರೂ ಕೆಡಿಸಬಾರದು ಎಂದುಕೊಂಡೆ.

ಮಣ್ಣಿನ ಹೆಂಟೆಯ ಸಮೇತ ಎಣ್ಣೆ ಡಬ್ಬಕ್ಕೆ ತುಂಬಿಕೊಂಡು ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ತಂದೆ. ಹೂವಿಗೆ ತೊಂದರೆಯಾಗದಿರಲಿ ಎಂದು ಸುತ್ತಲ ಹುಲ್ಲನ್ನು ಒಂದೆಳೆ ಬಿಡದೆ ಕಿತ್ತೆ. ಗೊಬ್ಬರ ಹಾಕಿದೆ, ನೀರು ಹನಿಸಿದೆ. ನಾಲ್ಕೇ ದಿನಕ್ಕೆ ಗಿಡ ಕಪ್ಪಾಯಿತು. ಒಣಗಿದ್ದನ್ನೇ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರ ಬಳಿ ಒಯ್ದೆ. ಅವರು ಭೂತಗನ್ನಡಿ ಹಿಡಿದು ದಳ ಎಣಿಸಿ, ಎಲೆ ಉಜ್ಜಿ ಮೂಸಿ, ತುಂಬೆಯ ಜಾತಿ ಇರಬಹುದು ಎಂದರು. ಅವರೂ ಮೇಷ್ಟ್ರೇ ಅಲ್ಲವೇ. ಮರುವರ್ಷ ಇನ್ನೊಂದನ್ನು ತಂದು ಇನ್ನೂ ಮುತುವರ್ಜಿಯಿಂದ ಕಳೆ ತೆಗೆದೆ. ಅದು ಮೂರೇ ದಿನಕ್ಕೆ ಹೋಯಿತು.

ಅದೇ ಮಳೆಗಾಲದಲ್ಲಿ ಮೂರನೆಯದನ್ನು ಅಗೆಯಲು ಗುಡ್ಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಹುಲ್ಲು ಕೀಳುತ್ತಿದ್ದೆ. ಹೊಲದಲ್ಲಿ ಕಳೆ ತೆಗೆಯಲು ಬಂದಿದ್ದ ತಿಪ್ಪಮ್ಮ ಸ್ವಲ್ಪ ಹೊತ್ತು ನೋಡಿ, ಹುಲ್ಲು ಯಾಕೆ ಕೀಳುತ್ತೀರಿ ಎಂದಳು. ಹುಲ್ಲು ಹೂವಿನ ಸಾರ ಹೀರುತ್ತದೆ ಎಂದು ಪಾಠ ಹೇಳಿದೆ.

“ಅಲ್ರೀ ಮೇಷ್ಟ್ರೇ, ಹೂವೇ ಹುಲ್ಲಿನ ಸಾರ ಹೀರೋದು. ಇದು ಬಿಳಿ ಕಸ. ಜೋಳದ ಹೊಲಕ್ಕೆ ಬಿದ್ರೆ ಬೆಳೆನೇ ಹಾಳು. ಮೇಲೆ ನೋಡೋಕೆ ಹಸ್ರಾಗಿ ಮರ್ಯಾದಸ್ತನಂಗೆ ಇರ್ತೈತೆ, ಕೆಳಗೆ ಪಕ್ಕದ ಬೇರಿಗೆ ಬಾಯಿ ಹಾಕಿ ಕುಡೀತೈತೆ. ಹುಲ್ಲು ಕಿತ್ರೆ ಇದೆಲ್ಲಿ ಬದುಕ್ತೈತೆ?”

ಕಿತ್ತ ಹುಲ್ಲು ಕೈಯಲ್ಲೇ ಇತ್ತು. ಅಕ್ಕನ ಗುಡ್ಡೆಯ ಮುಂದೆ ತಲೆ ಎತ್ತಲಾಗಲಿಲ್ಲ. ಎರಡು ವರ್ಷ ಹುಡುಕಿದ ಹೆಸರು ಸಿಕ್ಕಿತ್ತು, ಸಂತೋಷ ಮಾತ್ರ ಆಗಲಿಲ್ಲ.

ಹೊತ್ತು ನೆತ್ತಿಗೇರಿತ್ತು. ನನ್ನ ಮುಖ ನೋಡಿ ತಿಪ್ಪಮ್ಮ ಉಂಡಿದ್ದೀರಾ ಎಂದಳು. ಇಲ್ಲ ಎಂದೆ. ಬುತ್ತಿ ಬಿಚ್ಚಿ ಸಜ್ಜೆ ರೊಟ್ಟಿಯೊಂದಕ್ಕೆ ಶೇಂಗಾ ಚಟ್ನಿ ಹಚ್ಚಿ ಕೈಗಿಟ್ಟಳು. ಅಕ್ಕ ಹೋದ ಮೇಲೆ ಅಂಥ ರೊಟ್ಟಿ ತಿಂದಿರಲಿಲ್ಲ. ಅಳು ಬಂತು, ಅಳುತ್ತಲೇ ತಿಂದು ಮುಗಿಸಿದೆ. ಇನ್ನೊಂದು ಇದೆಯೇನಮ್ಮ ಎಂದೆ. ಕೊಟ್ಟಳು. ಅದನ್ನೂ ತಿಂದೆ. ಅವಳು ಬುತ್ತಿಯ ಬಟ್ಟೆ ಕೊಡವಿ ಮಡಚಿ, ಚೊಂಬಿನ ನೀರು ಕುಡಿದು, ಮತ್ತೆ ಕಳೆ ತೆಗೆಯಲು ಹೋದಳು. ಬುತ್ತಿಯಲ್ಲಿ ಇದ್ದದ್ದು ಎರಡೇ ರೊಟ್ಟಿ ಎಂದು ನನಗೆ ಹೊಳೆದದ್ದು ಆಮೇಲೆ.