ಹೊಟ್ಟೆನೋವಿಗೆ ನಾಲ್ಕು ಅಂಕ

ವಾರ್ಡಿನ ಗೋಡೆಯನ್ನು ಅಲಂಕರಿಸಿರುವ ಶ್ರೀಮಾನ್ ನೋವಿನ ಪಟ್ಟಿಯವರ ಸನ್ನಿಧಿಗೆ,

ಮಾನ್ಯರೇ,

ಕಿಟಕಿ ಪಕ್ಕದ ಮಂಚದಿಂದ, ಹೊಟ್ಟೆಯ ಹೊಲಿಗೆ ಅನುಮತಿಸುವಷ್ಟು ಮಾತ್ರ ಬಾಗಿ, ತಮಗೆ ನಮಸ್ಕರಿಸುತ್ತೇನೆ. ಸೊನ್ನೆಯ ಬಳಿ ನಗುವ ಮುಖದಿಂದ ಹಿಡಿದು ಹತ್ತರ ಬಳಿ ಗೊಳೋ ಎಂದು ಅಳುವ ಮುಖದವರೆಗೆ, ಮನುಷ್ಯನ ಸಂಕಟವನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಿರುವ ತಮ್ಮ ಜಾಣ್ಮೆ ಸಾಮಾನ್ಯದ್ದಲ್ಲ. ಆದರೆ ಆ ಮುಖಗಳಲ್ಲಿ ಒಂದಕ್ಕೂ ಕನ್ನಡಕವಿಲ್ಲ, ಮೀಸೆಯಿಲ್ಲ, ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಾ ಕುಳಿತ ಬೀಗರಿಲ್ಲ ಎಂಬುದನ್ನು ಸವಿನಯವಾಗಿ ತಮ್ಮ ಗಮನಕ್ಕೆ ತರುತ್ತೇನೆ.

ನಾನು ಗಣಿತದ ಮೇಷ್ಟ್ರು. ಹತ್ತಕ್ಕೆ ಹತ್ತು ಕೊಡುವುದು ನನ್ನ ಜಾಯಮಾನವಲ್ಲ. ಉತ್ತರ ಸರಿಯಿದ್ದರೂ ಅಕ್ಷರ ಸೊಟ್ಟಗಿದೆ ಎಂದು ಅರ್ಧ ಅಂಕ ಕೀಳುವವನು. ಪಿತ್ತಕೋಶ ತೆಗೆಸಿಕೊಂಡ ಮರುದಿನ ಸಿಸ್ಟರ್ ಬಂದು, ತಮ್ಮತ್ತ ಬೆರಳು ತೋರಿಸಿ, "ನೋವು ಎಷ್ಟಿದೆ ಸರ್, ಹತ್ತರಲ್ಲಿ ಹೇಳಿ" ಎಂದಾಗಲೂ ಆ ಚಾಳಿ ಬಿಡಲಿಲ್ಲ. ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡುತ್ತಿದ್ದಂತಿದ್ದರೂ, ಮುಂದೆ ಇದಕ್ಕಿಂತ ದೊಡ್ಡ ನೋವು ಬಂದರೆ ಕೊಡಲು ಅಂಕ ಉಳಿದಿರಬೇಕಲ್ಲ ಎಂದು ಲೆಕ್ಕ ಹಾಕಿ, ಪಾಪ ಪಾಸಾಗಲಿ ಎಂದು ನಾಲ್ಕು ಕೊಟ್ಟೆ. ನೋಡಲು ಬಂದು ಕುಳಿತಿದ್ದ ಬೀಗರ ಮುಂದೆ ಮರ್ಯಾದೆಯ ಪ್ರಶ್ನೆ ಬೇರೆ. ಪಿತ್ತಕೋಶ ಹೋದರೂ ಪಿತ್ತ ನೆತ್ತಿಯಲ್ಲಿ ಭದ್ರವಾಗಿದೆ ಎಂದು ಒಂದು ಜೋಕನ್ನೂ ಹಾರಿಸಿದೆ. ಎಲ್ಲರೂ ನಕ್ಕರು. ಸಿಸ್ಟರ್ ನಾಲ್ಕು ಎಂದು ಬರೆದುಕೊಂಡು, ಒಂದು ಮಾತ್ರೆ ಕೊಟ್ಟು ಮುಂದಿನ ಮಂಚಕ್ಕೆ ಹೋದರು.

ಮಾರನೆಯ ದಿನವೂ ನಾಲ್ಕೇ ಕೊಟ್ಟೆ. ಜೋಕುಗಳು ಮಾತ್ರ ಜಾಸ್ತಿಯಾದವು. ತಾವು ಗೋಡೆಯ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದಿರಿ, ಒಂದು ಮಾತು ಆಡಬಹುದಿತ್ತು. ಆಡಿದವಳು ನನ್ನ ಹೆಂಡತಿ. ಬಾಗಿಲಲ್ಲಿ ಸಿಸ್ಟರನ್ನು ತಡೆದು, "ಇವರು ಹೇಳೋ ನಂಬರ್ ನಂಬಬೇಡಿ. ಮೈ ಚೆನ್ನಾಗಿದ್ದಾಗ ಕಾಫಿ ಸರಿಯಿಲ್ಲ, ಫ್ಯಾನ್ ಸರಿಯಿಲ್ಲ ಅಂತ ಸಿಡುಕ್ತಾನೇ ಇರ್ತಾರೆ. ತಮಾಷೆ ಮಾಡ್ತಿದಾರೆ ಅಂದ್ರೆ ಜೀವ ಹೋಗ್ತಿದೆ ಅಂತ ಅರ್ಥ" ಎಂದಳು.

ಸಿಸ್ಟರ್ ಹೊದಿಕೆ ಸರಿಸಿ ಹೊಟ್ಟೆಯನ್ನು ಮೆಲ್ಲಗೆ ಒತ್ತಿದರು. ಇನ್ನೊಂದು ಜೋಕು ಹೇಳಲೆಂದು ಬಾಯಿ ತೆರೆದೆ. ಹೊರಟದ್ದು ಬೇರೆಯೇ ದನಿ, ಬೀಗರು ಕಿತ್ತಳೆಯ ಸಮೇತ ಎದ್ದು ನಿಂತರು. ಒಳಗೆ ಕೀವು ತುಂಬಿತ್ತು. ಇನ್ನೊಂದು ದಿನ ಬಿಟ್ಟಿದ್ದರೆ ಕೈಮೀರುತ್ತಿತ್ತು ಎಂದು ಡಾಕ್ಟರು ಹೇಳಿ ಮತ್ತೆ ಆಪರೇಷನ್ನಿಗೆ ಒಯ್ದರು. ಆಗ ನಿಜಕ್ಕೂ ಹೆದರಿದೆ. ಸಾಯುವ ಹೆದರಿಕೆ ಒಂದು ಕಡೆಗಾದರೆ, ಬರೀ ನಾಲ್ಕು ಅಂಕಕ್ಕೆ ಸಾಯುತ್ತಿದ್ದೆನಲ್ಲ ಎಂಬ ನಾಚಿಕೆ ಇನ್ನೊಂದು ಕಡೆ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ನನ್ನಂಥವರು ಕೊಟ್ಟ ಅಂಕಕ್ಕೆ ತಾವಾಗಿಯೇ ಐದು ಕೃಪಾಂಕ ಸೇರಿಸಬೇಕೆಂದೂ, ಹಲ್ಲು ಕಿರಿಯುತ್ತಲೇ ಬೆವರುವ ಮೀಸೆಯ ಮುಖವೊಂದನ್ನು ಒಂಬತ್ತರ ಬಳಿ ಕೂರಿಸಬೇಕೆಂದೂ, ಅಂಕ ಕೇಳುವ ಹೊತ್ತಿಗೆ ಬೀಗರನ್ನು ತಮ್ಮ ಹಿಂದೆ ಎಲ್ಲಾದರೂ ಬಚ್ಚಿಡಬೇಕೆಂದೂ, ಇದ್ಯಾವುದೂ ಆಗದಿದ್ದರೆ ಮೊಳೆಯಿಂದ ಇಳಿದು ಬಂದು ನೇರವಾಗಿ ನನ್ನ ಹೆಂಡತಿಯನ್ನೇ ವಿಚಾರಿಸಬೇಕೆಂದೂ ಬೇಡಿಕೊಳ್ಳುತ್ತೇನೆ.

ಇನ್ನೂ ಮಲಗಿಯೇ ಇರುವ
ತಮ್ಮ ವಿಶ್ವಾಸಿ,
ಕಿಟಕಿ ಪಕ್ಕದ ಮೇಷ್ಟ್ರು

ತಾ.ಕ.: ತಮ್ಮ ಪಕ್ಕದಲ್ಲೇ ಅಂಟಿಸಲೆಂದು ಈ ಪತ್ರವನ್ನು ಸಿಸ್ಟರ್ ಕೈಗೆ ಕೊಟ್ಟೆ. ನಿಂತಲ್ಲೇ ಓದಿದರು, ಚೆನ್ನಾಗಿ ನಕ್ಕರು. ಆಮೇಲೆ ನನ್ನನ್ನು ಏನೂ ಕೇಳದೆ, ತಮ್ಮತ್ತ ಕಣ್ಣೆತ್ತಿಯೂ ನೋಡದೆ, ಪತ್ರವನ್ನು ಮಂಚದ ಮೇಲೇ ಬಿಟ್ಟು ಇಂಜೆಕ್ಷನ್ ತರಲು ಓಡಿದರು.