ನೂರ ನಲವತ್ತಮೂರರ ಉಗ್ಗಪ್ಪ

ಬೊಳ್ಳಿಮಾರು ಗುಡ್ಡೆಯ ತುತ್ತತುದಿಯ ಮನೆಯ ನಲ್ಲಿ ಆ ಶನಿವಾರ ಬೆಳಿಗ್ಗೆಯೂ ಎಂದಿನಂತೆ ಬುಸ್ಸೆಂದು ಗಾಳಿ ಬಿಟ್ಟು ಸುಮ್ಮನಾಯಿತು. ಉಗ್ಗಪ್ಪ ಖಾಲಿ ಬಕೆಟ್ಟಿನ ಮುಂದೆ ನಿಂತು, ಗುಡ್ಡೆಯ ಬುಡದಲ್ಲಿದ್ದ ಪಂಪ್ ಶೆಡ್ಡಿನ ಕಡೆ ಮುಖ ಮಾಡಿ, ಚೆನ್ನಯ್ಯನನ್ನು ಬೈಯುವ ನಿತ್ಯವಿಧಿಯನ್ನು ಮುಗಿಸಿದ.

ಚೆನ್ನಯ್ಯ ಗುಡ್ಡೆಯ ಕುಡಿನೀರು ಸಮಿತಿಯ ಕನ್ವೀನರ್. ಶೆಡ್ಡಿನ ಬೀಗದ ಕೈ ಅವನ ಸೊಂಟದಲ್ಲಿ. ಅವನು ಪಂಪು ಬಿಟ್ಟರೆ ಕೆಳಗಿನ ಮನೆಗಳಿಗೆಲ್ಲ ನೀರು ಬರುತ್ತದೆ, ನಡುಗುಡ್ಡೆಯ ಹರಿಣಾಕ್ಷಿಯ ಮನೆಗೂ ಬರುತ್ತದೆ. ಇನ್ನೇನು ಉಗ್ಗಪ್ಪನ ಮನೆಗೆ ಹತ್ತಬೇಕು ಎನ್ನುವಾಗ ನಿಂತುಬಿಡುತ್ತದೆ. ಇದು ಬೇಕೆಂದೇ ಮಾಡುವುದು ಎಂದು ಉಗ್ಗಪ್ಪನಿಗೆ ಖಾತ್ರಿಯಾಗಿತ್ತು. ಆ ಸಿಟ್ಟಿನಲ್ಲಿ ಅವನು ಶೆಡ್ಡಿನ ಹತ್ತಿರ ಸುಳಿಯುವುದನ್ನೂ, ಚೆನ್ನಯ್ಯನ ಜೊತೆ ಮಾತಾಡುವುದನ್ನೂ ಬಿಟ್ಟಿದ್ದ. ಪಾಪ, ಹೆಂಡತಿ ಅಮ್ಮಣಿ ಮಾತ್ರ ದಿನಾ ಗುಡ್ಡೆಯ ಆಚೆ ಮಗ್ಗುಲಿನಲ್ಲಿ ನೀರಿಗಾಗಿ ಕೊರೆದ ಸುರಂಗದಿಂದ ಕೊಡ ಹೊತ್ತು ತರುತ್ತಿದ್ದಳು.

"ಆ ಬೀಗದ ಕೈ ಒಂದು ದಿನ ನನ್ನ ಕೈಗೆ ಬರಲಿ, ಮತ್ತೆ ನೋಡು!" ಎಂದ ಉಗ್ಗಪ್ಪ.

"ಬರ್ತದೆ ಬಿಡಿ," ಎಂದಳು ಅಮ್ಮಣಿ. "ನೀರಿನ ಗ್ರೂಪಲ್ಲಿ ಎಂತ ಬಂದದ್ದು ನೋಡಿದ್ರಾ?"

ವಾಟ್ಸಾಪಿನ ಆ ಗ್ರೂಪಿನಲ್ಲಿ ಚೆನ್ನಯ್ಯನ ಪ್ರಕಟಣೆ ಬಿದ್ದಿತ್ತು. 'ಮಾನ್ಯ ಸದಸ್ಯರೇ, ನಾನು ಸ್ಥಾನ ಬಿಡುತ್ತಿದ್ದೇನೆ. ಇವತ್ತು ನಾಲ್ಕು ಗಂಟೆಗೆ ಅಂಗನವಾಡಿಯಲ್ಲಿ ಮಹಾಸಭೆ. ಈ ಕೆಲಸಕ್ಕೆ ಬುದ್ಧಿ ಬೇಕು. ಎಲ್ಲರೂ ಕೆಳಗಿನ ಲಿಂಕ್ ಒತ್ತಿ ಬುದ್ಧಿಪರೀಕ್ಷೆ ಮಾಡಿಕೊಂಡು ಬನ್ನಿ. ಯಾರಿಗೆ ಅಂಕ ಹೆಚ್ಚೋ ಅವರೇ ಹೊಸ ಕನ್ವೀನರ್.' ಕೆಳಗೆ ಕನ್ನಡಕ ಹಾಕಿದ ಒಂದು ಮಿದುಳು ನಗುತ್ತಿತ್ತು.

ಉಗ್ಗಪ್ಪನ ಎದೆ ಉಬ್ಬಿತು, ಮರುಕ್ಷಣವೇ ಇಳಿಯಿತು. ಎಂಟನೆಯ ಕ್ಲಾಸಿಗೆ ಶಾಲೆಗೆ ಕೈಮುಗಿದು ಕತ್ತರಿ ಹಿಡಿದವನು ಅವನು.

"ಬಸ್ಸಿನಲ್ಲಿ ಕೂತು ಮಾಡಿ," ಎಂದಳು ಅಮ್ಮಣಿ. "ಜಯಪಾಲ ಮಾಸ್ಟ್ರ ಹತ್ರವೇ ಕೂತ್ಕೊಳ್ಳಿ, ಆಯ್ತಾ? ಫೋನಿಗೆ ಚಾರ್ಜ್ ಮಾಡಿಟ್ಟಿದ್ದೇನೆ." ಮದುವೆಯಾದಂದಿನಿಂದ ಗಂಡನ ಫೋನಿಗೆ ಅವಳು ಚಾರ್ಜ್ ಮಾಡಿದ್ದು ಅದೇ ಮೊದಲು. ಉಗ್ಗಪ್ಪ ಅದನ್ನು ಪ್ರೀತಿ ಎಂದುಕೊಂಡ.

ಮುಳ್ಳೇರಿಯದ ಬಸ್ಸಿನಲ್ಲಿ ಜಯಪಾಲ ಮಾಸ್ಟ್ರ ಪಕ್ಕದ ಸೀಟು ಅವನಿಗಾಗಿಯೇ ಕಾದಂತೆ ಖಾಲಿಯಿತ್ತು. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತರಾದ ಮಾಸ್ಟ್ರು ಫೋನು ಇಸಕೊಂಡು, ಇಂಗ್ಲಿಷಿನಲ್ಲಿದ್ದ ಪ್ರಶ್ನೆಯನ್ನು ಇಡೀ ಬಸ್ಸಿಗೆ ಕೇಳುವಂತೆ ಕನ್ನಡದಲ್ಲಿ ಹೇಳಿದರು. "ಎರಡು, ಆರು, ಹನ್ನೆರಡು, ಇಪ್ಪತ್ತು. ಮುಂದಿನದು ಎಷ್ಟು?"

"ಇಪ್ಪತ್ತೊಂದು," ಎಂದ ಉಗ್ಗಪ್ಪ.

"ಮೂವತ್ತು ಒತ್ತಿ."

"ಅದು ಹೇಗೆ?"

"ಹೇಗೆ ಅಂತ ಆಮೇಲೆ. ಮೊದಲು ಒತ್ತಿ ಮಾರಾಯ್ರೆ, ಮೇಲೆ ಗಡಿಯಾರ ಓಡ್ತಾ ಉಂಟು!"

ಉಗ್ಗಪ್ಪ ಒತ್ತಿದ. ಮುಂದಿನ ಪ್ರಶ್ನೆ ಬಂತು. ಕನ್ನಡಿಯಲ್ಲಿ ಮೂರು ಗಂಟೆ ಕಂಡರೆ ನಿಜವಾದ ಗಂಟೆ ಎಷ್ಟು? ಹಿಂದಿನ ಸೀಟಿನಿಂದ ಹರಿಣಾಕ್ಷಿ ಕುತ್ತಿಗೆ ಚಾಚಿ, "ಒಂಬತ್ತು! ಒಂಬತ್ತು ಒತ್ತಿ ಉಗ್ಗಪ್ಪಣ್ಣ," ಎಂದಳು. ಅವನು ಒತ್ತಿದ. ಹಸು, ಆಡು, ಕೋಳಿ, ಎಮ್ಮೆ, ಇದರಲ್ಲಿ ಗುಂಪಿಗೆ ಸೇರದ್ದು ಯಾವುದು?

"ಎಮ್ಮೆ," ಎಂದ ಉಗ್ಗಪ್ಪ. "ನಮ್ಮ ಗುಡ್ಡೆಯಲ್ಲಿ ಎಮ್ಮೆ ಇಲ್ಲ."

"ಅಯ್ಯೋ, ಕೋಳಿ ಮಾರಾಯ್ರೆ, ಕೋಳಿ!" ಎಂದು ಟಿಕೆಟು ಕೊಡುತ್ತಿದ್ದ ಕಂಡಕ್ಟರ್ ಗದರಿದ. ಅವನ ಮನೆಯೂ ಗುಡ್ಡೆಯಲ್ಲೇ. ಮುಂದಿನ ಸ್ಟಾಪು ದಾಟಿದ್ದು ಯಾರಿಗೂ ಗೊತ್ತಾಗಲಿಲ್ಲ. ಇಳಿಯಬೇಕಾದ ಅಜ್ಜಿಯೊಬ್ಬಳು ಬೈಯುತ್ತ ಮುಂದೆ ಬಂದು, ಪರದೆಯ ಚಿತ್ರದಲ್ಲಿದ್ದ ತ್ರಿಕೋನಗಳನ್ನು ಎಣಿಸಿಕೊಟ್ಟು ಹೋದಳು.

ನಡುವೆ ಒಮ್ಮೆ ಉಗ್ಗಪ್ಪನಿಗೆ ಸಣ್ಣ ಸಂಶಯ ಬಂತು. "ಮಾಸ್ಟ್ರೆ, ನಿಮಗೂ ಕನ್ವೀನರ್ ಆಗ್ಬಹುದಲ್ಲ? ನಿಮ್ಮ ಟೆಸ್ಟ್ ಮಾಡುವುದಿಲ್ವಾ?"

"ನಮ್ಮದು ಅವಸರ ಇಲ್ಲ," ಎಂದರು ಮಾಸ್ಟ್ರು. "ನಿಮ್ಮದು ಮುಗೀಲಿ. ಹ್ಞಾಂ, ಮೂರನೇ ಚಿತ್ರ ಒತ್ತಿ."

ಮುಳ್ಳೇರಿಯ ಬರುವಾಗ ಪರದೆಯ ತುಂಬ ಬಣ್ಣದ ಕಾಗದ ಉದುರಿ, ನಡುವೆ ಅಂಕ ಮೂಡಿತು: ನೂರ ನಲವತ್ತಮೂರು. ಕೆಳಗೆ 'ಅಪೂರ್ವ ಪ್ರತಿಭೆ' ಎಂದಿದೆಯೆಂದು ಮಾಸ್ಟ್ರು ಓದಿದರು. ಬಸ್ಸಿನಲ್ಲಿ ಚಪ್ಪಾಳೆ ಬಿತ್ತು. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ.

ದೊಡ್ಡವರು ಫೋನಿನ ಇಂಥ ಪರೀಕ್ಷೆಗಳನ್ನು ಎಷ್ಟು ನಂಬಬೇಕು ಎನ್ನುವುದು ಬಂದ ಅಂಕದ ಮೇಲೆ ನಿಂತಿರುತ್ತದೆ. ಕಡಿಮೆ ಬಂದರೆ ಅದು ಮಕ್ಕಳಾಟ, ಹೆಚ್ಚು ಬಂದರೆ ವಿಜ್ಞಾನ. ಬಸ್ಸಿನ ಮೆಟ್ಟಿಲಿಳಿಯುವಾಗ ಉಗ್ಗಪ್ಪನಿಗೆ ಆ ಅಂಕದ ಮೇಲೆ ಅರೆಪಾಲು ನಂಬಿಕೆ ಬಂದಿತ್ತು. ಪೇಟೆ ದಾಟಿ ತನ್ನ ಟೈಲರ್ ಅಂಗಡಿಯ ಬಾಗಿಲೆತ್ತುವಾಗ ಪೂರಾ ಬಂದಿತ್ತು. ಯಾರೋ ಹೇಳಿಕೊಟ್ಟರು ನಿಜ, ಆದರೆ ಯಾರ ಪಕ್ಕ ಕೂರಬೇಕು ಎನ್ನುವುದಕ್ಕೂ ಬುದ್ಧಿ ಬೇಡವೇ? ಆ ಉಪಾಯ ಅಮ್ಮಣಿಯದು ಎನ್ನುವುದನ್ನು ಅವನು ಸದ್ಯಕ್ಕೆ ಮರೆತ.

ಅಂಗಡಿಯಲ್ಲಿ ಆ ದಿನ ಅಳತೆಯ ಟೇಪು ಮೊಳೆಯಿಂದ ಇಳಿಯಲಿಲ್ಲ. "ನೂರ ನಲವತ್ತಮೂರು ಇದ್ದವನಿಗೆ ಟೇಪ್ ಎಂತಕ್ಕೆ? ಕಣ್ಣಂದಾಜು ಸಾಕು," ಎಂದು ಬ್ಯಾಂಕಿನ ಸುಬ್ಬರಾಯರ ಪ್ಯಾಂಟಿನ ಬಟ್ಟೆಯನ್ನು ಸರ್ರನೆ ಕತ್ತರಿಸಿದ. ಹೊಲಿದು ಎತ್ತಿ ಹಿಡಿದರೆ ಎರಡೂ ಎಡಗಾಲೇ. ಒಂದು ಮೊಣಕಾಲಿಗೇ ಮುಗಿದಿತ್ತು.

"ಎಂತ ಇದು ಉಗ್ಗಪ್ಪ?" ಎಂದರು ಸುಬ್ಬರಾಯರು, ನಂಬಲಾಗದೆ.

"ಸಾಮಾನ್ಯರಿಗೆ ಅರ್ಥ ಆಗ್ಲಿಕ್ಕೆ ಸ್ವಲ್ಪ ಸಮಯ ಬೇಕು ಸರ್," ಎಂದ ಉಗ್ಗಪ್ಪ, ಗಂಭೀರವಾಗಿ. ಸುಬ್ಬರಾಯರು ಕೊಡೆ ಎತ್ತಿದಾಗ ಹಿಂಬಾಗಿಲಿನಿಂದ ಹೊರಟು, ಸಿಕ್ಕಿದ ಆಟೋ ಹತ್ತಿದ. ಹೇಗೂ ಮಹಾಸಭೆಗೆ ಹೊತ್ತಾಗಿತ್ತು.

ಅಂಗನವಾಡಿಯ ಪುಟ್ಟ ಕುರ್ಚಿಗಳಲ್ಲಿ ದೊಡ್ಡವರೆಲ್ಲ ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಚೆನ್ನಯ್ಯ ಮೊದಲಿಗೆ ಎದ್ದು ತನ್ನ ಅಂಕ ಹೇಳಿದ: ಐವತ್ತೆಂಟು. ಹೇಳುವಾಗ ಅವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಜಯಪಾಲ ಮಾಸ್ಟ್ರಿಗೆ ನಲವತ್ತೊಂಬತ್ತು. ಕಂಡಕ್ಟರಿಗೆ ನಲವತ್ತು. ಹರಿಣಾಕ್ಷಿ, "ನನಗೆ ಅರುವತ್ತೊಂದು ಬಂದುಬಿಟ್ಟಿತು," ಎಂದು ತಪ್ಪು ಮಾಡಿದವಳಂತೆ ಹೇಳಿದಳು. ಅವಳ ಗಂಡ ಅವಳನ್ನು ದುರುಗುಟ್ಟಿ ನೋಡಿದ.

ಉಗ್ಗಪ್ಪನಿಗೆ ಊರಿನವರ ಮೇಲೆ ಕನಿಕರ ಉಕ್ಕಿತು. ಇಷ್ಟು ವರ್ಷ ಇವರ ನಡುವೆ ಹೇಗೆ ಬದುಕಿದೆನಪ್ಪಾ ಎನ್ನಿಸಿತು. ಎದ್ದು ನಿಂತು, ಗಂಟಲು ಸರಿಮಾಡಿ, ಪುಟ್ಟ ಕುರ್ಚಿ ಹಿಂದಕ್ಕೆ ಅಂಟಿಕೊಂಡೇ ಬಂದದ್ದನ್ನು ಲೆಕ್ಕಿಸದೆ ಸಾರಿದ: "ನೂರ ನಲವತ್ತಮೂರು!"

ಅಂಥ ಚಪ್ಪಾಳೆಯನ್ನು ಗುಡ್ಡೆ ಕಂಡದ್ದೇ ಇಲ್ಲ. ಶಿಳ್ಳೆ ಬಿತ್ತು. ಚೆನ್ನಯ್ಯ ಬಾಗಿಲ ಹಿಂದೆ ಬಕೆಟ್ಟಿನಲ್ಲಿಟ್ಟಿದ್ದ ಸೇವಂತಿಗೆ ಹಾರ ತಂದು ಉಗ್ಗಪ್ಪನ ಕೊರಳಿಗೆ ಹಾಕಿ, ಅಪ್ಪಿಕೊಂಡು, ಕಣ್ಣೊರೆಸಿಕೊಂಡ. "ನನ್ನ ಜೀವಮಾನದ ಸಂತೋಷದ ದಿನ ಇದು ಉಗ್ಗಪ್ಪ," ಎಂದ. ಅವನ ದನಿ ನಿಜಕ್ಕೂ ನಡುಗುತ್ತಿತ್ತು. ಬೀಗದ ಕೈ ಉಗ್ಗಪ್ಪನ ಕೈ ಸೇರಿತು. ಇಂಥ ಮನುಷ್ಯನನ್ನು ದಿನಾ ಬೈದೆನಲ್ಲ ಎಂದು ಉಗ್ಗಪ್ಪನಿಗೂ ಕಣ್ಣು ತುಂಬಿ ಬಂತು.

ಮೆರವಣಿಗೆ ಗುಡ್ಡೆಯ ಬುಡಕ್ಕೆ ಇಳಿಯಿತು. ಶೆಡ್ಡಿನ ಗೋಡೆಯ ಮೇಲೆ ದಪ್ಪ ನೀಲಿ ಅಕ್ಷರದಲ್ಲಿ 'ಕನ್ವೀನರ್: ಉಗ್ಗಪ್ಪ' ಎಂದು ಬರೆದಿತ್ತು. ಉಗ್ಗಪ್ಪ ಹೆಮ್ಮೆಯಿಂದ ತನ್ನ ಹೆಸರನ್ನು ಸವರಿದ. ಬಣ್ಣ ಚೆನ್ನಾಗಿ ಒಣಗಿತ್ತು.

"ನಾನೇ ಗೆಲ್ಲುವುದು ಅಂತ ನಿಮಗೆ ಮೊದಲೇ ಗೊತ್ತಿತ್ತಾ ಚೆನ್ನಯ್ಯಣ್ಣ?"

"ಗೊತ್ತಿಲ್ಲದೆ ಎಂತ! ಗುಡ್ಡೆಗೇ ಗೊತ್ತಿತ್ತು."

ಬಾಗಿಲು ತೆರೆಯಿತು. ಒಳಗೆ ಒಂದು ಪ್ಲಾಸ್ಟಿಕ್ ಕುರ್ಚಿ, ಗೋಡೆಯಲ್ಲಿ ಒಂದು ಸ್ಟಾರ್ಟರು, ಅದರಲ್ಲಿ ಒಂದು ಹಸಿರು ಗುಂಡಿ. ಉಗ್ಗಪ್ಪ ತೋರುಬೆರಳಿನಿಂದ ಒತ್ತಿದ. ಮೋಟಾರು ಗುರ್ರೆಂದಿತು. ಬೆರಳು ತೆಗೆದ. ಮೋಟಾರು ನಿಂತಿತು.

"ತೆಗೀಬಾರದು," ಎಂದ ಚೆನ್ನಯ್ಯ. "ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡುವುದು. ಕೆಟ್ಟು ವರ್ಷ ಆಯ್ತು. ಹಳೇ ಮಾಲು, ಪಾರ್ಟ್ಸು ಎಲ್ಲಿಯೂ ಸಿಗುವುದಿಲ್ಲ. ದಿನಾ ಬೆಳಿಗ್ಗೆ ಸಂಜೆ ಹೀಗೇ ಕೂರಬೇಕು."

"ಒಂದು ಕಡ್ಡಿ ಸಿಕ್ಕಿಸಿದರೆ ಆಗುವುದಿಲ್ವಾ?"

"ಸಿಕ್ಕಿಸಿ ಒಮ್ಮೆ ಸುಟ್ಟಾಗಿದೆ. ಕರೆಂಟು ಇಳಿದ ಕೂಡಲೇ ಕೈ ತೆಗೀಬೇಕು, ಏರಿದ ಕೂಡಲೇ ಒತ್ತಬೇಕು. ಕಡ್ಡಿಗೆ ಅದು ಗೊತ್ತಾಗ್ತದಾ? ಬುದ್ಧಿವಂತರೇ ಬೇಕು ಅಂತ ನಾನು ಹೇಳಿದ್ದು ಅದಕ್ಕೇ." ಚೆನ್ನಯ್ಯ ಕುರ್ಚಿಯನ್ನು ಸ್ಟಾರ್ಟರಿನ ಹತ್ತಿರ ಎಳೆದುಕೊಟ್ಟ. "ಹರಿಣಾಕ್ಷಿಯ ಮನೆಗೆ ನೀರು ಹತ್ತುವಾಗಲೇ ನನ್ನ ಬೆರಳು ಸತ್ತುಹೋಗ್ತಿತ್ತು ಮಾರಾಯ. ನಿನ್ನ ಮನೆಯವರೆಗೆ ಹಿಡೀಲಿಕ್ಕೆ ಆಗ್ತಿರ್ಲಿಲ್ಲ. ಅದನ್ನು ನಿನಗೆ ಹೇಳುವ ಅಂದ್ರೆ ನೀನು ಮಾತೇ ಬಿಟ್ಟಿದ್ದೆ."

ಉಗ್ಗಪ್ಪ ತಿರುಗಿ ನೋಡಿದ. ಮಾಸ್ಟ್ರು ಆಕಾಶ ನೋಡುತ್ತಿದ್ದರು. ಕಂಡಕ್ಟರಿಗೆ ಡ್ಯೂಟಿ ನೆನಪಾಯಿತು. ಹರಿಣಾಕ್ಷಿ, "ನಲ್ಲಿಯಡಿ ಕೊಡ ಇಟ್ಟು ಬಂದಿಲ್ಲ," ಎಂದು ಓಡಿದಳು. ಒಬ್ಬೊಬ್ಬರಾಗಿ, ನಗು ತಡೆದುಕೊಂಡು, ಎಲ್ಲರೂ ಮನೆಯ ದಾರಿ ಹಿಡಿದರು. ಚೆನ್ನಯ್ಯ ಬೆರಳು ಮಡಚಿ ಬಿಡಿಸಿ ಮಾಡುತ್ತ, ಹಾಡು ಗುನುಗುತ್ತ ಹೋದ.

ಉಗ್ಗಪ್ಪ ಹಾರ ಹಾಕಿಕೊಂಡೇ ಕುರ್ಚಿಯಲ್ಲಿ ಕುಸಿದು ಗುಂಡಿ ಒತ್ತಿದ. ಬೆಳಿಗ್ಗೆ ಬಸ್ಸಿನಲ್ಲಿಯೂ ಇದೇ ಬೆರಳು ಮಾತ್ರ ಕೆಲಸ ಮಾಡಿದ್ದು ಎನ್ನುವುದು ಅವನಿಗೆ ಈಗ ಹೊಳೆಯಿತು. ಆದರೂ ಮನಸ್ಸಿನ ಮೂಲೆಯಲ್ಲಿ ಒಂದು ಸಮಾಧಾನವಿತ್ತು. ಇವತ್ತು ಅಮ್ಮಣಿಗೆ ಸುರಂಗಕ್ಕೆ ಹೋಗಬೇಕಾಗಿಲ್ಲ. ಪಾಪ, ಅವಳಿಗೆ ಈ ಮೋಸ ಯಾವುದೂ ಗೊತ್ತಿಲ್ಲ. ತಾನು ಬುದ್ಧಿಯಿಂದಲೇ ಗೆದ್ದೆನೆಂದು ಅವಳಾದರೂ ನಂಬಿಕೊಂಡಿರಲಿ.

ಬೆರಳು ಮರಗಟ್ಟುವ ಹೊತ್ತಿಗೆ ಫೋನು ಬಡಿದುಕೊಂಡಿತು. ಎಡಗೈಯಲ್ಲಿ ಎತ್ತಿದ. ಆಚೆ ಕಡೆ ನೀರು ಧೋ ಎಂದು ಬಕೆಟ್ಟಿಗೆ ಬೀಳುವ ಸದ್ದು, ಅದರ ಮೇಲೆ ಅಮ್ಮಣಿಯ ಹಿಗ್ಗಿದ ದನಿ.

"ನೀರು ಬಂತು! ಕೇಳ್ತದಾ? ನೀರು ಬಂತು! ಟ್ಯಾಂಕಿ ತುಂಬುವವರೆಗೆ ಬೆರಳು ತೆಗೀಬೇಡಿ, ಆಯ್ತಾ?"